ಜೊಂಡಿನ ದಿಂಬಿನ ಪ್ರತಾಪ

"ಎರಡು ದಿಂಬು ತಾನೇ? ನಾನು ತುಂಬಿಸ್ತೀನಿ! ಎಂಥಾ ದಿಂಬು ಅಂದ್ರೆ, ನಿನ್ನ ಬಾತಿನ ಪುಕ್ಕದ ದಿಂಬು ಅದರ ಪಕ್ಕದಲ್ಲಿ ಸೌದೆ ಹೊರೆ ಅನ್ನಿಸ್ಬೇಕು! ಇಲ್ಲಾಂದ್ರೆ ನನ್ನ ಹೆಸರು ಅಂಬ್ರುಶ್ ಅಲ್ಲ!"

ಹೀಗೆಂದು ಘೋಷಿಸಿ ಅಂಬ್ರುಶ್ ಊಟದ ಮೇಜನ್ನು ಗುದ್ದಿದ. ಗುದ್ದು ವೀರೋಚಿತವಾಗಿಯೇ ಇತ್ತು. ಆದರೆ ಮೇಜಿನ ಮೇಲಿದ್ದ ಮೀನಿನ ಸಾರಿನ ಬಟ್ಟಲು ಒಂದು ಗೇಣು ಮೇಲಕ್ಕೆ ಹಾರಿ, ಇಳಿಯುವಾಗ ಮೇಜನ್ನು ಬಿಟ್ಟು ಅವನ ತೊಡೆಯನ್ನು ಆರಿಸಿಕೊಂಡಿತು. ಕೆಂಪು ಮೆಣಸಿನಪುಡಿ ಧಾರಾಳವಾಗಿ ಬಿದ್ದ ಸಾರು. ಒಲೆಯಿಂದ ಆಗಷ್ಟೇ ಇಳಿಸಿದ ಸಾರು. ಪ್ರತಿಜ್ಞೆ ಮಾಡಿದವನು ಎದ್ದು ಕುಣಿಯತೊಡಗಿದ.

ಹೆಂಡತಿ ರೊಜಾಲಿ ತಿರುಗಿಯೂ ನೋಡಲಿಲ್ಲ. ಒಲೆಯ ಪಕ್ಕ ಮಲಗಿದ್ದ ಬೆಕ್ಕಿಗೆ ಹೇಳಿದಳು: "ಬೆಕ್ಕೇ, ನಿಮ್ಮ ಯಜಮಾನ್ರಿಗೆ ಹೇಳು, ಕುಣಿಯೋದನ್ನ ಮಗಳ ಮದುವೆ ದಿನಕ್ಕೆ ಇಟ್ಕೊಳ್ಳಲಿ. ಮದುವೆ ಅಂತ ಒಂದು ಆಗೋದಾದ್ರೆ."

ಮೂರು ದಿನದಿಂದ ಆ ಮನೆಯಲ್ಲಿ ಗಂಡ ಹೆಂಡಿರ ಮಾತುಕತೆ ನಡೆಯುತ್ತಿದ್ದದ್ದು ಬೆಕ್ಕಿನ ಮಧ್ಯಸ್ಥಿಕೆಯಲ್ಲಿ. ಕಾರಣ ನರಿ. ನರಿಗೆ ಕಾರಣ ಅಂಬ್ರುಶ್. ಅಂಬ್ರುಶನಿಗೆ ಕಾರಣ ಜೊಂಡು.

ತಿಸಾ ನದಿ ನಮ್ಮ ಊರಿನ ಹತ್ತಿರ ಒಂದು ದೊಡ್ಡ ತಿರುವು ತೆಗೆದುಕೊಂಡು, ಅಲ್ಲೊಂದಿಷ್ಟು ನೀರನ್ನು ಮರೆತು ಹೋಗಿದೆ. ಆ ನಿಂತ ನೀರಿನ ತುಂಬ ಆಳೆತ್ತರದ ಜೊಂಡು. ಜೊಂಡಿನಿಂದ ಚಾಪೆ ಹೆಣೆಯುವುದೇ ನಮ್ಮ ಅರ್ಧ ಊರಿನ ಕಸುಬು. ಉಳಿದವರಿಗೆ ಅದು ಹೊಟ್ಟೆಪಾಡು. ಅಂಬ್ರುಶನಿಗೆ ಅದು ಧರ್ಮ. ಅವನ ಮನೆಯ ಚಾವಣಿಯ ಒಳಮೈ ಜೊಂಡು, ಕುರ್ಚಿಯ ಪೀಠ ಜೊಂಡು, ಚಪ್ಪಲಿ ಜೊಂಡು, ಬುಟ್ಟಿ ಜೊಂಡು. ಬಾತುಗಳ ಗೂಡಿನ ಬಾಗಿಲಿನ ಹಲಗೆ ಕೊಳೆತು ಬಿದ್ದಾಗ ರೊಜಾಲಿ, "ರೀ, ಒಂದು ಹಲಗೆ ಹೊಡೀರಿ," ಎಂದಳು. "ಹಲಗೆ ಯಾಕೆ? ಜೊಂಡಿಲ್ವಾ?" ಎಂದು ಅವನು ಅಂದವಾದ ಒಂದು ಚಾಪೆ ಹೆಣೆದು ಬಾಗಿಲಿಗೆ ಇಳಿಬಿಟ್ಟ. ನರಿ ಆ ಚಾಪೆಯನ್ನು ಪರದೆ ಸರಿಸಿದ ಹಾಗೆ ಸರಿಸಿ, ಒಳಗೆ ಬಂದು, ಆರು ಹೆಬ್ಬಾತುಗಳ ವಿಚಾರ ಮುಗಿಸಿ, ಹೋಗುವಾಗ ಅದೇ ಚಾಪೆಗೆ ಕಾಲೊರೆಸಿಕೊಂಡು ಹೋಗಿತ್ತು.

ನರಿ ಹೊತ್ತೊಯ್ದ ಆ ಆರು ಬಾತುಗಳ ಮೈಮೇಲೆ ಎರಡು ದಿಂಬುಗಳ ಪುಕ್ಕ ಇತ್ತು. ಆ ಎರಡು ದಿಂಬುಗಳ ಮೇಲೆ ಮಗಳು ಎತೆಲ್ಕಾಳ ಮದುವೆ ಕೂತಿತ್ತು.

ಏಕೆಂದರೆ ನಮ್ಮಲ್ಲಿ ಮದುವೆಗೆ ಎರಡು ದಿನ ಮುಂಚೆ ಹುಡುಗಿಯ ಹಾಸಿಗೆ ಗಾಡಿಯೇರಿ, ಪಿಟೀಲು ಬಾರಿಸಿಕೊಂಡು, ಊರೆಲ್ಲ ಸುತ್ತಿ ಹುಡುಗನ ಮನೆಗೆ ಹೋಗುತ್ತದೆ. ಮೇಲೆ ಆರು ದಿಂಬು. ಐದಲ್ಲ, ಏಳಲ್ಲ, ಆರು. ಹುಡುಗನ ತಾಯಿ ಗೇಟಿನಲ್ಲಿ ನಿಂತು, ಒಂದೊಂದು ದಿಂಬನ್ನೂ ಅಂಗೈಯಿಂದ ಮೂರು ಸಲ ಬಡಿದು ನೋಡುತ್ತಾಳೆ. ಅವಳು ತಲೆಯಾಡಿಸಿದರೆ ಹಾಸಿಗೆ ಒಳಗೆ. ಇಲ್ಲದಿದ್ದರೆ ಗಾಡಿ ಹಿಂದಕ್ಕೆ. ಎತೆಲ್ಕಾಳ ಅತ್ತೆಯಾಗಬೇಕಾದ ಅಪೊಲೋನಿಯಾ ಇದ್ದಾಳಲ್ಲ, ಅವಳು ದೊಡ್ಡ ಸೊಸೆಯ ಹಾಸಿಗೆಯನ್ನು ಗೇಟಿನಿಂದಲೇ ವಾಪಸು ಕಳಿಸಿದ್ದವಳು. ಪುಕ್ಕದ ಒಂದು ಕಡ್ಡಿ ಅಂಗೈಗೆ ಚುಚ್ಚಿತು ಅನ್ನುವುದೇ ಕಾರಣ! ಆ ಮದುವೆ ಒಂದು ವರ್ಷ ಮುಂದೆ ಹೋಯಿತು. ಆ ಹುಡುಗಿ ಚಳಿಗಾಲವಿಡೀ ಇಗರ್ಜಿಗೂ ಬರಲಿಲ್ಲ.

"ನೆರೆಹೊರೆಯಲ್ಲಿ ಸ್ವಲ್ಪ ಪುಕ್ಕ ಕೇಳಿ ತಂದ್ರೆ?" ಎಂದು ಆ ದಿನ ಊಟದ ಹೊತ್ತಿಗೆ ಎತೆಲ್ಕಾ ಅಳುತ್ತಾ ಕೇಳಿದ್ದಳು.

"ಕೇಳು, ಹೋಗು!" ರೊಜಾಲಿ ಸಿಡಿದಳು. "ಇಲ್ಲಿ ಕೇಳಿದ್ದು ನಿನ್ನ ಅತ್ತೆ ಕಿವಿಗೆ ಬೀಳೋಕೆ ಎಷ್ಟು ಹೊತ್ತು ಬೇಕು? ನೀನು ಮನೆಗೆ ವಾಪಸು ಬರೋಷ್ಟರಲ್ಲಿ ಅವಳು ಗೇಟಿಗೆ ಬೀಗ ಹಾಕಿರ್ತಾಳೆ! ಎಲ್ಲಾ ಈ ಜೊಂಡಿನಿಂದ! ಇಪ್ಪತ್ತೆರಡು ವರ್ಷ ಆಯ್ತು, ಈ ಜೊಂಡು ಈ ಮನೆಗೆ ಕೆಮ್ಮು ಬಿಟ್ಟು ಬೇರೇನು ಕೊಟ್ಟಿದೆ ಅಂತ ಕೇಳು ಬೆಕ್ಕೇ! ನನ್ನ ಬಾತುಗಳು ಮೊಟ್ಟೆ ಕೊಟ್ವು, ಮಾಂಸ ಕೊಟ್ವು, ದಿಂಬು ಕೊಟ್ವು!"

ಅಂಬ್ರುಶ್ ಬೈಗುಳವನ್ನು ಸಹಿಸುವವನು. ಅವನನ್ನು ದಡ್ಡ ಅನ್ನಿ, ಸೋಮಾರಿ ಅನ್ನಿ, ನರಿಯ ನೆಂಟ ಅನ್ನಿ. ತಲೆ ಬಗ್ಗಿಸಿಕೊಂಡು ಸಾರು ಕುಡಿಯುತ್ತಾನೆ. ಆದರೆ ಜೊಂಡಿಗೆ ಬೈದರೆ? ಅವನ ಮೀಸೆಯ ಎರಡು ತುದಿಗಳೂ ಅದುರಿದವು. ಹೀಗೆ ಹುಟ್ಟಿತು ಆ ಪ್ರತಿಜ್ಞೆ. ಆಮೇಲೆ ಕುಣಿತ.

ಮರುದಿನ ಬೆಳಿಗ್ಗೆ, ತೊಡೆಗೆ ಹಂದಿಯ ಕೊಬ್ಬು ಸವರಿಕೊಂಡು, ಅಂಬ್ರುಶ್ ದೋಣಿ ಹತ್ತಿದ. ಜಿನುಗು ಮಳೆ. ಹೊಟ್ಟೆಯಲ್ಲಿ ಕೋಪ ಇನ್ನೂ ಬೆಚ್ಚಗಿತ್ತು. 'ಬಾತು ಮಾತ್ರ ದಿಂಬು ಕೊಡುತ್ತಂತೆ! ನನ್ನ ಜೊಂಡು ಕೊಡಲ್ಲವಂತೆ!' ಎಂದು ಹುಟ್ಟು ಹಾಕುತ್ತಾ ಹೊಟ್ಟೆಯೊಳಗೇ ಜಗಳ ಮುಂದುವರಿಸಿದ. ಅಲ್ಲಿ ಮಾತ್ರ ಅವನು ಗೆಲ್ಲುತ್ತಿದ್ದ.

ಇಲ್ಲೊಂದು ವಿಷಯ ಹೇಳಬೇಕು. ನಮ್ಮ ಚಾಪೆಯವರು ಜೊಂಡು ಕೊಯ್ಯುವುದು ಜುಲೈಯಲ್ಲಿ. ಗದೆ ಬಿಡದ ಗಿಡದ ಎಲೆಯೇ ಚಾಪೆಗೆ ಬೇಕು. ಅದೇ, ಜೊಂಡಿನ ನೆತ್ತಿಯಲ್ಲಿ ಕಂದು ಮಖಮಲ್ಲಿನ ಹಾಗೆ ಒಂದು ಉದ್ದ ಗದೆ ಬರುತ್ತದಲ್ಲ, ಅದು ಬಂದ ಗಿಡದ ಎಲೆ ಗಡುಸು, ಅದನ್ನು ಬಿಟ್ಟುಬಿಡುತ್ತಾರೆ. ಗದೆ ಮಾಗುವ ಶರತ್ಕಾಲ, ಅಂದರೆ ಈ ದಿನಗಳು, ಬರುವ ಹೊತ್ತಿಗೆ ಚಾಪೆಯವರೆಲ್ಲ ಮನೆಯೊಳಗೆ ಹೆಣೆಯುತ್ತಾ ಕೂತಿರುತ್ತಾರೆ. ಆದ್ದರಿಂದ ಅಂಬ್ರುಶನಿಗೆ ಜೊಂಡಿನ ಬೇರು ಗೊತ್ತಿತ್ತು, ಕಾಂಡ ಗೊತ್ತಿತ್ತು, ಎಲೆಯ ಇಪ್ಪತ್ತು ಬಗೆ ಗೊತ್ತಿತ್ತು. ಗದೆಯನ್ನು ಮಾತ್ರ ಅವನು ಜೀವಮಾನದಲ್ಲಿ ಮೂಸಿ ನೋಡಿರಲಿಲ್ಲ. ಹೋದ ಚಳಿಗಾಲದಲ್ಲಿ ಒಮ್ಮೆ ಗಾಳಿಯಲ್ಲಿ ತೇಲಿಬಂದ ಬಿಳಿ ಅರಳೆಯ ಒಂದು ಎಳೆ ಮೂಗಿನ ಮೇಲೆ ಕೂತಿತ್ತು. ಮೃದುವಾಗಿತ್ತು. ಜೊಂಡಿನ ಗದೆಯ ಬಗ್ಗೆ ಅವನ ಸಮಸ್ತ ವಿದ್ಯೆ ಅಷ್ಟೇ.

ನೀರಿನಲ್ಲಿ ಬಲೆ ಎಳೆಯುತ್ತಿದ್ದವನು ರೊಜಾಲಿಯ ತಮ್ಮ ವೆಂಡೆಲ್. ವರ್ಷಪೂರ್ತಿ ನೀರಿನ ಮೇಲೇ ಇರುವ ಬೆಸ್ತ. ಭಾವ ಕುಡುಗೋಲಿನಿಂದ ಗದೆಗಳನ್ನು ಕತ್ತರಿಸಿ ದೋಣಿಗೆ ತುಂಬುತ್ತಿರುವುದನ್ನು ಕಂಡು ಬಲೆ ಬಿಟ್ಟ.

"ಏನ್ ಭಾವ, ಅದನ್ಯಾಕೆ ಕೊಯ್ತಿದೀರಾ?"

"ಕೆಲಸ ಇದೆ."

"ಅದು ಹಾಗೇ ತಗೊಂಡೋಗೋ ವಸ್ತು ಅಲ್ಲ ಭಾವ. ಒಳಗೆ ಒತ್ತಿಕೊಂಡು ಕೂತಿರುತ್ತೆ. ಒಣಗಿದ್ರೆ..."

"ವೆಂಡೆಲ್! ಜೊಂಡಿನ ವಿಷಯ ನೀನು ನನಗೆ ಹೇಳಿಕೊಡ್ತೀಯಾ? ಮೀನಿನ ವಿಷಯ ನಾನು ನಿನಗೆ ಹೇಳಿದೀನಾ?"

"ಹೇಳಿದೀರಿ ಭಾವ. ಹೋದ ಭಾನುವಾರ ಪೂರ್ತಿ ಅದೇ ಹೇಳಿದ್ರಿ."

"ಹಾಗಾದ್ರೆ ಈಗ ಬಾಯಿ ಮುಚ್ಕೊಂಡು ಮೀನು ಹಿಡಿ!"

ವೆಂಡೆಲ್ ಬಾಯಿ ಮುಚ್ಚಿಕೊಂಡು ಮೀನು ಹಿಡಿದ. ಹೀಗೆ ಒಂದು ಮನೆತನದ ಮಾನ ಉಳಿಸಬಹುದಾಗಿದ್ದ ಅರ್ಧ ವಾಕ್ಯ ತಿಸಾ ನದಿಯ ಪಾಲಾಯಿತು.

ಚಾಪೆಯ ಕೊಟ್ಟಿಗೆಯ ಬಾಗಿಲಿಗೆ ಅಗಣಿ ಹಾಕಿ ಅಂಬ್ರುಶ್ ಕೆಲಸಕ್ಕೆ ಕೂತ. ಮಳೆಯಲ್ಲಿ ನೆಂದ ಗದೆಗಳು. ಹೆಬ್ಬೆರಳಿನಿಂದ ಕೆರೆದರೆ ಒದ್ದೆ ಕಂಬಳಿಯ ತುಂಡಿನ ಹಾಗೆ ಪದರು ಪದರಾಗಿ ಬಂದವು. ಇಪ್ಪತ್ತು ಗದೆ ಕೆರೆದು ದಿಂಬಿನ ಚೀಲಕ್ಕೆ ಹಾಕಿದ. ಚೀಲ ಏನೂ ಆಗದ ಹಾಗೆ ಚಪ್ಪಟೆಯಾಗಿ ಬಿದ್ದಿತ್ತು. ಮೂವತ್ತು ಹಾಕಿದ. ದೋಸೆಯ ಹಾಗಿತ್ತು. "ಎಲಾ!" ಎಂದು ರೇಗಿ ನಲವತ್ತು, ಐವತ್ತು ಹಾಕಿ, ಮೊಣಕಾಲಿನಿಂದ ಒತ್ತಿದ. ಕೊನೆಯ ಹತ್ತನ್ನು ಕೆರೆಯುವ ತಾಳ್ಮೆಯೂ ಇಲ್ಲದೆ, ಕಡ್ಡಿ ಎಳೆದು ಬಿಸಾಡಿ, ಇಡಿ ಇಡಿಯಾಗಿ ಒಳಗೆ ತುರುಕಿದ. 'ಮಲಗಿ ಮಲಗಿ ಮೆತ್ತಗಾಗುತ್ತೆ,' ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ದಿಂಬೊಂದಕ್ಕೆ ಅರವತ್ತು ಗದೆ!

ಚೀಲಗಳು ರೊಜಾಲಿಯೇ ಹೊಲಿದಂಥವು. ಒತ್ತು ನೇಯ್ಗೆಯ ದಪ್ಪ ಬಟ್ಟೆ, ಒಳಮೈಗೆಲ್ಲ ಸೋಪು ಉಜ್ಜಿ ಗಟ್ಟಿ ಮಾಡಿದ್ದು; ಪುಕ್ಕದ ಒಂದು ಎಳೆ ಹೊರಗೆ ಇಣುಕಬಾರದು. ಅಂಬ್ರುಶ್ ಅವುಗಳ ಬಾಯನ್ನು ಚಾಪೆ ಹೊಲಿಯುವ ದಬ್ಬಣದಿಂದ, ಚಾಪೆ ಹೊಲಿಯುವ ದಾರದಿಂದ, ಎರಡು ಸಾಲು ಹೊಲಿದ. ದೇವರಿಗೂ ಬಿಚ್ಚಲಾಗದ ಹೊಲಿಗೆ.

ದಿಂಬುಗಳನ್ನು ತಂದು ಹೆಂಡತಿಯ ಮುಂದೆ ಇಟ್ಟಾಗ, ಬೆಕ್ಕು ಮೂಸಿ ನೋಡಿ ಹಿಂದಕ್ಕೆ ಸರಿಯಿತು. ಮನೆಯಲ್ಲಿ ಬುದ್ಧಿ ಇದ್ದದ್ದು ಅದೊಂದಕ್ಕೇ.

"ಇದೇನು ಇಷ್ಟು ಭಾರ?" ಕೋಪದಲ್ಲಿ ರೊಜಾಲಿ ಬೆಕ್ಕನ್ನು ಮರೆತು ನೇರವಾಗಿ ಕೇಳಿಬಿಟ್ಟಳು. "ಒದ್ದೆ ಬೇರೆ! ಎಲ್ಲಿಂದ ತಂದ್ರಿ ಈ ಪುಕ್ಕ?"

"ಮಳೇಲಿ ತಂದೆ. ದಾರಿಯಲ್ಲಿ ನೆನೀತು. ಎಲ್ಲಿಂದ ಅಂತ ಕೇಳ್ಬೇಡ. ಗಂಡಸು ಮಾತು ಕೊಟ್ಟ, ಮಾತು ನಡೆಸಿದ. ಅಷ್ಟು ಸಾಕು."

"ಒದ್ದೆ ಪುಕ್ಕ ನಾತ ಬರುತ್ತೆ," ಎಂದು ಗೊಣಗಿ, ರೊಜಾಲಿ ಎರಡನ್ನೂ ಒಯ್ದು ರೊಟ್ಟಿಯ ದೊಡ್ಡ ಒಲೆಯ ಸುತ್ತಲಿನ ಮಣ್ಣಿನ ಜಗಲಿಯ ಮೇಲೆ ಇಟ್ಟಳು. ಆ ಮನೆಯಲ್ಲಿ ಅದಕ್ಕಿಂತ ಬೆಚ್ಚಗಿನ ಜಾಗ ಇರಲಿಲ್ಲ.

ಮರುದಿನ ದಿಂಬುಗಳು ಉಬ್ಬಿದ್ದವು. ಅದರ ಮರುದಿನ ಇನ್ನೂ ಉಬ್ಬಿದವು. ತುಂಬುಗೆನ್ನೆಯ ಕೂಸುಗಳ ಹಾಗೆ ದುಂಡಗೆ, ಮೃದುವಾಗಿ, ಹಗುರಾಗಿ! ರೊಜಾಲಿ ಒತ್ತಿ ನೋಡಿದಳು. ಕೈ ತೆಗೆದ ಕೂಡಲೇ ದಿಂಬು ಪುಟಿದು ಎದ್ದು ನಿಂತಿತು. ಅವಳ ಮುಖದ ಮೇಲೆ ಒಂದು ವಾರದಿಂದ ಕಾಣದಿದ್ದ ಒಂದು ಬೆಳಕು ಬಂತು.

"ರೀ," ಎಂದಳು. ಬೆಕ್ಕನ್ನಲ್ಲ, ಗಂಡನನ್ನು. "ಇಂಥಾ ಪುಕ್ಕ ನಾನು ನೋಡೇ ಇಲ್ಲ ಕಣ್ರೀ. ನನ್ನ ನಾಲ್ಕು ದಿಂಬು ಇದರ ಮುಂದೆ ಪೆಚ್ಚಾಗಿ ಕೂತಿವೆ."

ಆ ದಿನ ಅಂಬ್ರುಶನಿಗೆ ಗಸಗಸೆ, ಸಕ್ಕರೆ ಹಾಕಿದ ಶಾವಿಗೆ ಸಿಕ್ಕಿತು. ಎರಡು ತಟ್ಟೆ. ತಿನ್ನುತ್ತಾ ಅವನು ದಿಂಬಿಗಿಂತ ಹೆಚ್ಚು ಉಬ್ಬಿದ. ನಿಜ ಹೇಳಲು ಇದು ಒಳ್ಳೆಯ ಸಮಯ ಎಂದು ಒಂದು ಕ್ಷಣ ಅನ್ನಿಸಿತು. ಇನ್ನೊಂದು ತುತ್ತು ತಿಂದ. ಮದುವೆಯಾದ ಮರುದಿನ, ಊರಿನವರ ಎದುರಿಗೆ, 'ಅದು ಜೊಂಡು ಕಣೇ!' ಎಂದು ಘೋಷಿಸಿದರೆ ಹೇಗಿರುತ್ತದೆ! ಹಾಗೆ ಯೋಚಿಸಿ ನಿಜವನ್ನು ಶಾವಿಗೆಯ ಜತೆ ನುಂಗಿದ.

ಹಾಸಿಗೆಯ ದಿನ ಬೆಳಿಗ್ಗೆ ರೊಜಾಲಿ ದಿಂಬುಗಳ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಅವು ಈಗ ದಿಂಬಿನ ಆಕಾರ ಬಿಟ್ಟು ಕುಂಬಳಕಾಯಿಯ ಆಕಾರ ತಾಳಿದ್ದವು.

"ರೀ, ಇವು ಬೆಳೀತಿವೆ!"

"ಒಳ್ಳೇ ಪುಕ್ಕ ಅಂದ್ರೆ ಹಾಗೇ. ಉಸಿರಾಡುತ್ತೆ."

"ಉಸಿರಾಡೋದಾ? ಮುಟ್ಟಿದ್ರೆ ಡೋಲಿನ ಹಾಗೆ ಸದ್ದು ಬರ್ತಿದೆ! ಹೊಲಿಗೆ ಕಿರ್ ಅಂತಿದೆ! ಸತ್ಯ ಹೇಳಿ, ಏನ್ರೀ ಇದು? ಯಾವ ಬಾತು?"

"ಹೆಂಗಸರಿಗೆ ಎಷ್ಟು ತಂದುಕೊಟ್ಟರೂ ತೃಪ್ತಿ ಇಲ್ಲ! ಚಪ್ಪಟೆ ಇದ್ರೆ ಚಪ್ಪಟೆ ಅಂತೀಯಾ, ಉಬ್ಬಿದ್ರೆ ಉಬ್ಬಿದೆ ಅಂತೀಯಾ!" ಎಂದು ಅಂಬ್ರುಶ್ ಅಬ್ಬರಿಸಿದ. ಸುಳ್ಳು ಹೇಳಿದವನ ಕೋಪಕ್ಕೆ ಒಂದು ವಿಶೇಷವಾದ ಗಂಟಲು ಇರುತ್ತದೆ. ರೊಜಾಲಿ ಇನ್ನೇನೋ ಕೇಳುವಷ್ಟರಲ್ಲಿ ಪಿಟೀಲಿನವರು ಬಂದರು, ಗಾಡಿ ಬಂತು, ಹೊತ್ತಾಯಿತು.

ಮಳೆ ಬಿಟ್ಟು ಮೂರು ದಿನವಾಗಿತ್ತು. ಒಳ್ಳೆಯ ಬಿಸಿಲು, ಒಣ ಗಾಳಿ. ಗಾಡಿಯ ಮೇಲೆ ಹಾಸಿಗೆ, ಹಾಸಿಗೆಯ ಮೇಲೆ ಆರು ದಿಂಬು, ಎಲ್ಲಕ್ಕಿಂತ ಮೇಲೆ ಆ ಎರಡು. ಕಸೂತಿಯ ಬಿಳಿ ಕವಚದೊಳಗೆ ಅವು ಬಿಸಿಲು ಕಾಯಿಸಿಕೊಳ್ಳುತ್ತಾ ಕೂತಿದ್ದವು. ರೊಜಾಲಿ ಗಾಡಿಯ ಮೇಲೆ. ಅಂಬ್ರುಶ್ ಮುಂದೆ, ಟೋಪಿಗೆ ಹೂ ಸಿಕ್ಕಿಸಿಕೊಂಡು, ಹಣ್ಣಿನ ಸಾರಾಯಿ ಪಾಲಿಂಕಾದ ಬಾಟಲಿ ಹಿಡಿದು. ಹುಡುಗಿ ಹಾಸಿಗೆಯ ಹಿಂದೆ ಬರುವ ಪದ್ಧತಿಯಿಲ್ಲ. ಎತೆಲ್ಕಾ ಮನೆಯ ಕಿಟಕಿಯಲ್ಲಿ ನಿಂತು ಉಗುರು ಕಡಿಯುತ್ತಿದ್ದಳು. ಬೀದಿಯವರೆಲ್ಲ ಗೇಟಿಗೆ ಬಂದು, "ಆಹಾ, ಮೇಲಿನ ಆ ಎರಡು ನೋಡ್ರೇ!" ಎಂದರು. ಅಂಬ್ರುಶ್ ಒಂದೊಂದು 'ಆಹಾ'ಗೂ ಒಂದೊಂದು ಗುಟುಕು ಏರಿಸಿದ.

ಅಪೊಲೋನಿಯಾ ಗೇಟಿನಲ್ಲಿ ನಿಂತಿದ್ದಳು. ಕಪ್ಪು ರೇಷ್ಮೆ ಶಾಲು, ಕಪ್ಪು ಲಂಗ, ಒಲೆಯ ಬಾಗಿಲಿನಷ್ಟು ಅಗಲವಾದ ಅಂಗೈ. ಗೇಟು ನೀಲಿ ಬಣ್ಣದಲ್ಲಿ ಮಿಂಚುತ್ತಿತ್ತು. ಬಣ್ಣ ಇನ್ನೂ ಹಸಿ. ಅಂಗಳದಲ್ಲಿ ದೊಡ್ಡ ಹಂಡೆಯಲ್ಲಿ ಮದುವೆಗೆಂದು ಪ್ಲಮ್ ಹಣ್ಣಿನ ಜಾಮ್ ಕುದಿಯುತ್ತಿತ್ತು. ಅವಳ ಗಂಡ ಮಾತ್ಯಾಶ್ ಅದನ್ನು ಮರದ ಸೌಟಿನಿಂದ ತಿರುವುತ್ತಿದ್ದ. ಹುಡುಗ ದೇನೆಶ್ ಹೊಸ ಬೂಟು ಹಾಕಿಕೊಂಡು ಬೆವರುತ್ತಿದ್ದ.

ಮೊದಲನೆಯ ದಿಂಬು. ಥಪ್, ಥಪ್, ಥಪ್. ಅಪೊಲೋನಿಯಾ ತಲೆಯಾಡಿಸಿದಳು. ಎರಡನೆಯದು. ಥಪ್, ಥಪ್, ಥಪ್. ಮೂರು. ನಾಲ್ಕು. "ಪುಕ್ಕ ಚೆನ್ನಾಗಿ ಹೆಕ್ಕಿದೀರಿ ಬೀಗಿತ್ತಿ," ಎಂದಳು. ರೊಜಾಲಿಯ ಕಣ್ಣಲ್ಲಿ ನೀರು.

ಅಪೊಲೋನಿಯಾ ಐದನೆಯ ದಿಂಬಿನ ಕಡೆ ತಿರುಗಿದಳು. ಅದರ ಗಾತ್ರ ನೋಡಿ, ಗೌರವದಿಂದ, ತೋಳು ಮಡಿಚಿ, ಸ್ವಲ್ಪ ದೂರದಿಂದಲೇ ಕೈ ಬೀಸಿದಳು.

ಢಂ!

ಅಷ್ಟೇ ಕೇಳಿಸಿದ್ದು. ಆಮೇಲೆ ಯಾರಿಗೂ ಏನೂ ಕಾಣಿಸಲಿಲ್ಲ. ಬಿಳಿ! ಎಲ್ಲ ಬಿಳಿ! ಒಂದು ಗದೆಯಲ್ಲಿ ಎರಡು ಲಕ್ಷ ಬೀಜ, ಒಂದೊಂದು ಬೀಜಕ್ಕೂ ಒಂದೊಂದು ಅರಳೆಯ ಛತ್ರಿ ಇರುತ್ತದಂತೆ. ಆಮೇಲೆ ಶಾಲೆಯ ಮೇಷ್ಟ್ರು ಹೇಳಿದ್ದು. ಅರವತ್ತು ಗದೆಯ ಒಂದು ಕೋಟಿ ಇಪ್ಪತ್ತು ಲಕ್ಷ ಛತ್ರಿಗಳು ಮೂರು ದಿನದಿಂದ ಒಲೆಯ ಬಿಸಿಯಲ್ಲಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒದ್ದಾಡುತ್ತಿದ್ದವು. ಅಪೊಲೋನಿಯಾ ಜಾಗ ಮಾಡಿಕೊಟ್ಟಳು. ಕುದುರೆಗಳು ಸೀನಿದವು. ಸೀನಿದ ಕುದುರೆ ಒದ್ದಿತು, ಒದ್ದದ್ದಕ್ಕೆ ಗಾಡಿ ಎಗರಿತು, ಗಾಡಿ ಎಗರಿದ್ದಕ್ಕೆ ಆರನೆಯ ದಿಂಬು ಉರುಳಿ, ಗೇಟಿನ ಮೊಳೆಗೆ ಸಿಕ್ಕಿ, ಅಣ್ಣನ ಹಾದಿ ಹಿಡಿಯಿತು.

ಢಂ!

ಪಿಟೀಲಿನವನ ಬಾಯಿ ತೆರೆದಿತ್ತು, ತುಂಬಿತು. ಪಿಟೀಲಿನ ತೂತು ತುಂಬಿತು. ಹಸಿ ಬಣ್ಣದ ಗೇಟಿಗೆ ತಲೆಯಿಂದ ಕಾಲಿನವರೆಗೆ ತುಪ್ಪುಳ ಬೆಳೆದು, ಅದು ದೊಡ್ಡದೊಂದು ಕುರಿಯ ಹಾಗೆ ನಿಂತಿತು. ಜಾಮಿನ ಹಂಡೆಯ ಮೇಲೆ ಹಿಮ ಬಿತ್ತು. ಕಪ್ಪು ರೇಷ್ಮೆಯ ಅಪೊಲೋನಿಯಾ ನಿಂತ ನಿಲುವಿನಲ್ಲೇ ಒಂದು ಹೆಬ್ಬಾತಾದಳು.

"ಯೇಸುವೇ! ಮರಿಯಾ!" ಎಂದು ಆ ಬಿಳಿಯೊಳಗಿಂದ ಅವಳ ಧ್ವನಿ ಬಂತು. ಥೂ, ಥೂ ಎಂದು ಉಗುಳುವ ಸದ್ದು ಬಂತು. "ಏನ್ರೀ ಇದು ಬೀಗಿತ್ತಿ! ಯಾವ ಬಾತಿನ ಪುಕ್ಕ ಇದು!"

"ರೀ!" ಎಂದು ಗಾಡಿಯ ಮೇಲಿಂದ ರೊಜಾಲಿ. "ಯಾವ ಬಾತು?"

ಅಂಬ್ರುಶ್ ಮೀಸೆಯಿಂದ ಅರಳೆ ಕೀಳುತ್ತಾ ಧೈರ್ಯವಾಗಿ ಹೇಳಿದ: "ಹೊಸ ತಳಿ. ಸೆಗೆಡ್ ಪೇಟೆ ಕಡೇದು."

"ಭಾವ," ಎಂದು ಜನರ ನಡುವಿನಿಂದ ವೆಂಡೆಲ್ ಕೂಗಿದ, "ಅದನ್ನೇ ನಾನು ಅವತ್ತು ಹೇಳೋಕೆ ಬಂದೆ! ಜೊಂಡಿನ ಗದೆ ಒಣಗಿದ್ರೆ ಸಿಡಿಯುತ್ತೆ ಅಂತ! ನೀವು ಬಾಯಿ ಮುಚ್ಚು ಅಂದ್ರಿ!"

"ಈಗಲೂ ಮುಚ್ಚು ಅಂತಿದೀನಿ!"

"ಜೊಂಡು!" ಅಪೊಲೋನಿಯಾ ಕಿರುಚಿದಳು. "ನನ್ನ ಮಗ ಸೊಸೆ ಮಲಗೋ ಹಾಸಿಗೆಗೆ ಜೊಂಡು! ತಿರುಗಿಸ್ರೋ ಗಾಡಿನಾ! ವಾಪಸು ತಿರುಗಿಸ್ರಿ!"

ಅಷ್ಟರಲ್ಲಿ ಬೀದಿಯ ಆ ತುದಿಯಿಂದ ಎತೆಲ್ಕಾ ಓಡಿಬಂದಳು. ಕಿಟಕಿಯ ಮುಂದೆ ಬಿಳಿ ಮೋಡ ತೇಲಿಹೋದದ್ದನ್ನು ನೋಡಿ, ಪದ್ಧತಿಯನ್ನು ಗಾಳಿಗೆ ತೂರಿ, ಬರಿಗಾಲಿನಲ್ಲಿ ಬಂದಿದ್ದಳು. ಗೇಟು ನೋಡಿದಳು, ಗಾಡಿ ನೋಡಿದಳು, ಅಪ್ಪನ ಟೋಪಿಯ ಮೇಲೆ ಕೂತ ಅರಳೆ ನೋಡಿದಳು.

"ಅಪ್ಪಾ!" ಎಂದಳು. "ನನ್ನ ಮದುವೆನಾ ಊದಿ ಹಾರಿಸಿಬಿಟ್ಟೆಯಲ್ಲಪ್ಪಾ!"

ಅಂಬ್ರುಶನ ಗಂಟಲಲ್ಲಿ ಸಿದ್ಧವಾಗಿದ್ದ ಮೂರು ಸುಳ್ಳುಗಳೂ ಅಲ್ಲೇ ಕುಸಿದವು. ಹೆಂಡತಿಯ ಕೋಪಕ್ಕೆ ಅವನ ಬಳಿ ಕೋಪವಿತ್ತು. ಬೀಗಿತ್ತಿಯ ಕೋಪಕ್ಕೂ ಇತ್ತು. ಮಗಳ ಕೋಪಕ್ಕೆ ಏನೂ ಇರಲಿಲ್ಲ. ಟೋಪಿ ತೆಗೆದ.

"ಬೀಗಿತ್ತಿ," ಎಂದ, "ತಪ್ಪು ಪೂರ್ತಿ ನಂದು. ಹೆಂಡತಿಗೆ ಗೊತ್ತಿರಲಿಲ್ಲ, ಮಗಳಿಗೂ ಗೊತ್ತಿರಲಿಲ್ಲ. ಆ ನಾಲ್ಕು ದಿಂಬು ರೊಜಾಲಿದು. ಇನ್ನೊಂದು ಸಲ ಬಡಿದು ನೋಡಿ. ಹುಡುಗಿ ಆ ನಾಲ್ಕರ ಹಾಗೆ. ಈ ಎರಡರ ಹಾಗಲ್ಲ."

"ತಲೆಯೊಳಗೆ ಜೊಂಡು ತುಂಬಿಕೊಂಡಿರೋ ದಡ್ಡ ಶಿಖಾಮಣಿ ನೀನು!" ಎಂದು ಅಪೊಲೋನಿಯಾ ಶುರು ಮಾಡಿದಳು. "ಕೆಲಸಕ್ಕೆ ಬಾರದವನೇ! ನಾಚಿಕೆಗೆಟ್ಟ—"

"ನಿಲ್ಲಿಸ್ರೀ ಬೀಗಿತ್ತಿ!"

ರೊಜಾಲಿ ಗಾಡಿಯಿಂದ ಧುಮುಕಿದಳು. ನೆಲದಿಂದ ಅರಳೆಯ ಇನ್ನೊಂದು ಮೋಡ ಎದ್ದಿತು. "ಇವರನ್ನ ಬೈಯೋ ಹಕ್ಕು ಈ ಊರಲ್ಲಿ ಒಬ್ಬಳಿಗೇ ಇರೋದು! ಇಪ್ಪತ್ತೆರಡು ವರ್ಷ ಬೆವರು ಸುರಿಸಿ ಸಂಪಾದಿಸಿದ ಹಕ್ಕು ಅದು! ನೀವ್ಯಾರ್ರೀ ಮಧ್ಯದಲ್ಲಿ?"

ಅಪೊಲೋನಿಯಾಳಿಗೆ ಹೀಗೆ ಉತ್ತರ ಕೊಟ್ಟವರನ್ನು ನಮ್ಮ ಊರು ಕಂಡಿರಲಿಲ್ಲ. ಅವಳು ಕಣ್ಣಿನ ಮೇಲಿನ ಅರಳೆ ಒರೆಸಿಕೊಂಡು ರೊಜಾಲಿಯನ್ನು ದಿಟ್ಟಿಸಿ ನೋಡಿದಳು.

"ಹಕ್ಕಿದ್ರೆ ಸರಿಯಾಗಿ ಬೈಯಿ. ಕೇಳೋಣ!"

ರೊಜಾಲಿ ಬೈದಳು. ಅಯ್ಯೋ, ಅದನ್ನು ಬರೆಯಲು ಕಾಗದ ಸಾಲದು! ಬಾತಿನ ಗೂಡಿಗೆ ಚಾಪೆ ಬಾಗಿಲು ಹಾಕಿದ್ದನ್ನು ಹೇಳಿದಳು. ಮಳೆಗಾಲದಲ್ಲಿ ಜೊಂಡಿನ ಚಪ್ಪಲಿ ಹಾಕಿಸಿ ತನ್ನನ್ನು ಇಗರ್ಜಿಗೆ ಕಳಿಸಿದ್ದನ್ನು, ಅದು ದಾರಿಯಲ್ಲೇ ಬಿಚ್ಚಿಕೊಂಡದ್ದನ್ನು ಹೇಳಿದಳು. ಎತೆಲ್ಕಾ ಹುಟ್ಟುವ ಹೊತ್ತಿಗೆ ಸೂಲಗಿತ್ತಿಯನ್ನು ಕರೆಯಲು ಹೋದವನು, ದಾರಿಯಲ್ಲಿ ಒಳ್ಳೆಯ ಜೊಂಡು ಕಂಡು ಕೊಯ್ಯುತ್ತಾ ನಿಂತಿದ್ದನ್ನು ಹೇಳಿದಳು!

"ಸೂಲಗಿತ್ತಿನ ಮರೆತ್ರಾ!" ಅಪೊಲೋನಿಯಾ ಕೆನ್ನೆಗೆ ಕೈಯಿಟ್ಟಳು. "ನಮ್ಮವರೇನು ಕಡಿಮೆಯೇ ತಂಗಿ? ಈ ಗೇಟಿಗೆ ಬಣ್ಣ ಬಳೀರಿ, ಬಣ್ಣ ಬಳೀರಿ ಅಂತ ಹೋದ ವಾರವೇ ತಲೆ ಚಚ್ಚಿಕೊಂಡೆ. ಬಳಿದಿದ್ದು ಯಾವಾಗ? ಇವತ್ತು ಬೆಳಿಗ್ಗೆ! ಜಾಮ್ ಹಂಡೆಗೆ ಮುಚ್ಚಳ ಮಾಡ್ಸಿ ಅಂತ ಹೇಳಿ ಎಷ್ಟು ವರ್ಷ ಆಯ್ತು? ಹನ್ನೊಂದು!"

ಹಂಡೆಯ ಹಿಂದಿನಿಂದ ಮೆಲ್ಲಗೆ ಜಾರಿಕೊಳ್ಳುತ್ತಿದ್ದ ಮಾತ್ಯಾಶ್ ನಿಂತಲ್ಲೇ ನಿಂತ.

"ಹನ್ನೊಂದು ವರ್ಷ!" ರೊಜಾಲಿ ಉರಿಗೆ ತುಪ್ಪ ಹಾಕಿದಳು. "ನೀವಾಗಿದ್ದಕ್ಕೆ ತಡ್ಕೊಂಡಿದೀರಿ ಅಕ್ಕ!"

ಹೀಗೆ ಗೇಟಿನ ಮುಂದೆ, ಅರಳೆಯ ಮಳೆಯಲ್ಲಿ, ಒಬ್ಬಳು ಒಂದು ಹೇಳಿದರೆ ಇನ್ನೊಬ್ಬಳು ಎರಡು ಹೇಳುತ್ತಾ, ಅವರು ಎರಡು ಗಂಟೆ ನಿಂತರು. ಬೀಗಿತ್ತಿ ಹೋಗಿ ಅಕ್ಕ ತಂಗಿ ಆದರು. ಎಷ್ಟು ಹೇಳಿದರೂ ಮುಗಿಯದಿದ್ದಾಗ ಅಪೊಲೋನಿಯಾ ರೊಜಾಲಿಯ ತೋಳು ಹಿಡಿದು, "ಒಳಗೆ ಬಾ ತಂಗಿ, ಕೂತು ಬೈಯೋಣ," ಎಂದು ಕರೆದುಕೊಂಡು ಹೋದಳು. ಹೋಗುವಾಗ ತಿರುಗಿ ನೋಡದೆಯೇ ಹೇಳಿದಳು: "ಹಾಸಿಗೆ ಒಳಗೆ ತನ್ರೋ. ನಾಲ್ಕು ದಿಂಬು ಸಾಕು. ಇಂಥಾ ತಾಯಿ ಹೊಟ್ಟೇಲಿ ಹುಟ್ಟಿದ ಹುಡುಗಿ ಸಿಗೋದು ಕಷ್ಟ."

ಎತೆಲ್ಕಾ ಅಳುತ್ತಾ ನಗುತ್ತಾ ಸೀನಿದಳು. ದೇನೆಶ್ ಅವಳ ಕೂದಲಿನಿಂದ ಒಂದೊಂದೇ ಎಳೆ ತೆಗೆಯತೊಡಗಿದ. ಅವನಿಗೆ ಆ ಕೆಲಸ ಮುಗಿಸುವ ಆತುರವೇನೂ ಇದ್ದಂತೆ ಕಾಣಲಿಲ್ಲ.

ಮಾವಂದಿರಿಬ್ಬರಿಗೂ ಒಂದೊಂದು ಚಾಕು ಕೊಟ್ಟು ಗೇಟಿನ ತುಪ್ಪುಳ ಕೆರೆಯಲು ಕೂರಿಸಿದರು. ಮಾತ್ಯಾಶ್ ಹಲ್ಲು ಕಡಿಯುತ್ತಾ ಹೇಳಿದ: "ಇಪ್ಪತ್ತೈದು ವರ್ಷದಿಂದ ನನ್ನ ಹುಳುಕು ಊರಿಗೆ ಗೊತ್ತಾಗದ ಹಾಗೆ ಬಾಳಿದ್ದೆ ಕಣಯ್ಯ. ನೀನೊಂದು ದಿಂಬು ತಂದೆ!"

ಮದುವೆಯೇನೋ ಆಯಿತು. ಆದರೆ ಜೊಂಡಿನ ಅರಳೆಗೆ ಮದುವೆ ಮುಗಿದದ್ದು ಯಾರೂ ತಿಳಿಸಲಿಲ್ಲ. ಅದು ಗಾಳಿಯಲ್ಲಿ ತೇಲುತ್ತಲೇ ಹೋಯಿತು. ನೀರು ತಾಗುವವರೆಗೆ ಹಾರುವುದು, ನೀರು ತಾಗಿದ ಕೂಡಲೇ ಬೀಜ ಕಳಚಿ ಮುಳುಗುವುದು, ಮುಳುಗಿ ಕೆಸರಿನಲ್ಲಿ ಕೂರುವುದು. ಇಷ್ಟೇ ಅದಕ್ಕೆ ಗೊತ್ತಿದ್ದ ಕೆಲಸ, ಅದನ್ನು ಅಚ್ಚುಕಟ್ಟಾಗಿ ಮಾಡಿತು. ವಸಂತದಲ್ಲಿ ಬೀದಿಯ ಚರಂಡಿಯಲ್ಲಿ ಹಸಿರು ದಾರದಂಥ ಎಳೆ ಕಾಣಿಸಿತು. ಆಮೇಲೆ ದನದ ನೀರಿನ ಗುಂಡಿಯಲ್ಲಿ. ಹಂದಿ ಹೊರಳುವ ಹೊಂಡದಲ್ಲಿ. ಎರಡನೆಯ ಬೇಸಿಗೆಯ ಹೊತ್ತಿಗೆ ಅಪೊಲೋನಿಯಾಳ ಬಾತುಗಳ ಕೊಳದಲ್ಲಿ ನೀರು ಕಾಣುತ್ತಿರಲಿಲ್ಲ, ಬಾತೂ ಕಾಣುತ್ತಿರಲಿಲ್ಲ. ಎದೆಯೆತ್ತರದ ಜೊಂಡು! ಬಿತ್ತಿದವನೇ ಕೊಯ್ಯಬೇಕೆಂದು ಊರು ತೀರ್ಮಾನಿಸಿತು. ಅಂಬ್ರುಶ್ ಅಂದಿನಿಂದ ಬೇಸಿಗೆಯೆಲ್ಲ ಕೊಯ್ಯುತ್ತಿದ್ದಾ‌ನೆ. ಚರಂಡಿ ಮುಗಿಸಿದರೆ ಗುಂಡಿ, ಗುಂಡಿ ಮುಗಿಸಿದರೆ ಹೊಂಡ.

ಮೊನ್ನೆ ಜುಲೈಯಲ್ಲಿ ಅವನು ಅಪೊಲೋನಿಯಾಳ ಕೊಳದಲ್ಲಿ ಸೊಂಟದ ನೀರಿಗಿಳಿದು ಕೊಯ್ಯುತ್ತಿದ್ದ. ದಂಡೆಯ ಮೇಲೆ ಹಿಪ್ಪುನೇರಳೆ ಮರದ ನೆರಳಿನಲ್ಲಿ ಅಪೊಲೋನಿಯಾ, ರೊಜಾಲಿ, ನಡುವೆ ಎಂಟು ತಿಂಗಳ ಬಸುರಿ ಎತೆಲ್ಕಾ ಕೂತು ಬಟಾಣಿ ಬಿಡಿಸುತ್ತಿದ್ದರು.

"ಆ ಮೂಲೇದು ಬಿಟ್ಟಿದೀರಿ!" ಎಂದಳು ಅಪೊಲೋನಿಯಾ.

"ಗದೆ ಬರೋಕೆ ಮುಂಚೆ ಕೊಯ್ಯಿರಿ ಅಂತ ಹೋದ ವಾರವೇ ಹೇಳಿದ್ದೆ!" ಎಂದಳು ರೊಜಾಲಿ.

ಅಂಬ್ರುಶ್ ಕೊಯ್ದ. ಕೋಪ ಬಂತು, ಅದನ್ನು ಜೊಂಡಿನ ಬುಡದ ಮೇಲೆ ತೀರಿಸಿದ.

ದಂಡೆಯ ಮೇಲೆ ಮಾತು ಬರಲಿರುವ ಕೂಸಿನ ಕಡೆ ತಿರುಗಿತು. "ತೊಟ್ಟಿಲು ಸಿದ್ಧ ಆಯ್ತು," ಎಂದಳು ಅಪೊಲೋನಿಯಾ, "ಹೊದಿಕೆನೂ ಆಯ್ತು. ಇನ್ನು ಕೂಸಿನ ತಲೆಗೆ ಅಂಗೈಯಗಲದ ಒಂದು ದಿಂಬು ಆಗ್ಬೇಕು..."

ಕೊಳದಲ್ಲಿ ಕುಡುಗೋಲಿನ ಸದ್ದು ನಿಂತಿತು.

ಅಂಬ್ರುಶ್ ಮೆಲ್ಲಗೆ ನೆಟ್ಟಗಾದ. ಅವನ ಕೈಯಲ್ಲಿ ಆಗಷ್ಟೇ ಕಂದು ಬಣ್ಣಕ್ಕೆ ತಿರುಗುತ್ತಿದ್ದ ಒಂದು ಗದೆ ಇತ್ತು. ಅದನ್ನು ನೋಡಿದ. ಮೊದಲು ಚೆನ್ನಾಗಿ ಒಣಗಿಸಿ, ಆಮೇಲೆ ಬಿಡಿಸಿ, ಒಂದೇ ಒಂದು ಗದೆಯ ಅರಳೆಯನ್ನು ಸಡಿಲವಾಗಿ ತುಂಬಿದರೆ... ಅವನ ಕಣ್ಣು ಹೊಳೆಯಿತು. ಮೀಸೆಯ ತುದಿ ಅದುರಿತು. ಬಾಯಿ ತೆರೆದ. ಇನ್ನೂ ಒಂದಕ್ಷರವೂ ಹೊರಬಿದ್ದಿರಲಿಲ್ಲ.

ಮೂವರೂ ಹೆಂಗಸರು ಒಟ್ಟಿಗೆ ಎದ್ದರು. ಬಟಾಣಿಯ ಬುಟ್ಟಿಯನ್ನು ಒಬ್ಬಳು, ಕುರ್ಚಿಗಳನ್ನು ಒಬ್ಬಳು, ಹೊಟ್ಟೆಯನ್ನು ಎತೆಲ್ಕಾ ಹಿಡಿದುಕೊಂಡು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿಕೊಂಡು, ಇಪ್ಪತ್ತು ಹೆಜ್ಜೆ ಆಚೆಗೆ ಹೋಗಿ ಕೂತರು.

ಅಲ್ಲಿಂದ ರೊಜಾಲಿ ಕೂಗಿ ಹೇಳಿದಳು: "ನಿಮ್ಮ ಮೊಮ್ಮಗು ದಿಂಬಿಲ್ಲದೇ ಮಲಗುತ್ತೆ ಕಣ್ರೀ! ನೀವು ಕೊಯ್ಯಿರಿ!"

ಅಂಬ್ರುಶ್ ಬಾಯಿ ಮುಚ್ಚಿ, ಬಗ್ಗಿ, ಕೊಯ್ದ.